'ಮೆ ಗುಸ್ತಾ' ಎಲ್ಲಿ ಕೈಕೊಡುತ್ತದೆ? ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಬಹಳ ಬೇಗ ಸಿಗುವ ಮಾತುಗಳಲ್ಲಿ 'ಮೆ ಗುಸ್ತಾ' ಒಂದು. 'ನನಗೆ ಇಷ್ಟ' ಅಂತ ಅರ್ಥ. ಸ್ಪ್ಯಾನಿಷ್‌ನಲ್ಲಿ ಫೇಸ್‌ಬುಕ್ ತೆರೆದರೆ ಲೈಕ್ ಗುಂಡಿಯ ಪಕ್ಕ ಇರುವುದೂ ಇದೇ ಮಾತು. ಕೇಳಲು ಸುಲಭ, ನೆನಪಿಡಲೂ ಸುಲಭ. ಆದರೆ ಅದನ್ನಿಟ್ಟುಕೊಂಡು ಸ್ವಂತ ವಾಕ್ಯ ಕಟ್ಟಲು ಹೊರಟರೆ ತಪ್ಪು ಶುರುವಾಗುತ್ತದೆ. ಬಹಳ ದಿನದಿಂದ ಕಲಿಯುತ್ತಿರುವವರೂ ಇದರಲ್ಲಿ ಎಡವುತ್ತಾರೆ.

ಈ ತಪ್ಪುಗಳಲ್ಲಿ ಎರಡು ಜಾತಿ ಇವೆ. ಒಂದು ಇಂಗ್ಲಿಷ್‌ನಿಂದ ಬರುವ ತಪ್ಪು. ನಮ್ಮ ಕೈಗೆ ಸಿಗುವ ಪುಸ್ತಕ, ಆ್ಯಪ್, ವಿಡಿಯೊ ಎಲ್ಲವೂ ಹೆಚ್ಚಾಗಿ ಇಂಗ್ಲಿಷ್ ಮೂಲಕ ಪಾಠ ಹೇಳುತ್ತವೆ. ನಾವು 'ಐ ಲೈಕ್ ಕಾಫಿ' ಎನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸ್ಪ್ಯಾನಿಷ್‌ಗೆ ತಿರುಗಿಸಲು ಹೋಗುತ್ತೇವೆ. ಅಲ್ಲೇ ಕೆಡುತ್ತದೆ. ಕನ್ನಡದಿಂದ ನೇರವಾಗಿ ಹೋದವರಿಗೆ ಈ ತಪ್ಪು ಹುಟ್ಟುವುದೇ ಇಲ್ಲ. ಇನ್ನೊಂದು ಜಾತಿಯ ತಪ್ಪು ಕನ್ನಡದಿಂದಲೇ ಬರುತ್ತದೆ. ಯಾವುದು ಎಲ್ಲಿಂದ ಬಂತು ಎಂದು ಗೊತ್ತಾದರೆ ಸರಿಮಾಡುವುದು ಕಷ್ಟ ಅಲ್ಲ. ಗೊತ್ತಾಗದಿದ್ದರೆ ಅದೇ ತಪ್ಪನ್ನು ಮತ್ತೆ ಮತ್ತೆ ತಿದ್ದುತ್ತಾ ಇರಬೇಕು.

ಸ್ಪ್ಯಾನಿಷ್ ಮಾತುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇನೆ. 'ಗಸ್ಟಾ' ಅನ್ನಬೇಡಿ. 'ಗು' ಪೂರ್ತಿ 'ಗು', 'ತ' ನಮ್ಮ ಹಲ್ಲಿಗೆ ತಾಗುವ 'ತ'. ಇಂಗ್ಲಿಷ್ ಮಾತಾಡುವವರು ಕಷ್ಟಪಟ್ಟು ಕಲಿಯುವ ಈ 'ತ' ನಮಗೆ ಹುಟ್ಟಿನಿಂದಲೇ ಬಂದಿದೆ. ಇನ್ನು ಕ್ಯೂಬಾದವರೋ ದಕ್ಷಿಣ ಸ್ಪೇನಿನವರೋ ಮಾತಾಡುವಾಗ 'ಗುಹ್ತಾ' ಅಂತ ಕೇಳಿಸಿದರೆ ನಿಮ್ಮ ಕಿವಿಯದ್ದೇನೂ ತಪ್ಪಿಲ್ಲ. ಅಲ್ಲಿ ಒತ್ತಕ್ಷರದ ಮುಂಚಿನ 'ಸ' ಹಾಗೆ ಉಸಿರಾಗಿಬಿಡುತ್ತದೆ.

ಮೊದಲ ತಪಾಸಣೆ: 'ಇಷ್ಟ' ಬಿಡಿ, 'ಹಿಡಿಸು' ಬಳಸಿ

ಯಾವ ತಪ್ಪೇ ಆಗಿರಲಿ, ಮೊದಲು ಮಾಡಬೇಕಾದ ಪರೀಕ್ಷೆ ಇದು. 'ನನಗೆ ಕಾಫಿ ಇಷ್ಟ', 'ನನಗೆ ನಾಯಿಗಳು ಇಷ್ಟ', 'ನನಗೆ ನೀನು ಇಷ್ಟ'. ಮೂರರಲ್ಲೂ 'ಇಷ್ಟ' ಬದಲಾಗಲಿಲ್ಲ, ಅಲ್ವಾ? ಯಾಕೆಂದರೆ ಅದು ಕ್ರಿಯಾಪದವೇ ಅಲ್ಲ. ವಾಕ್ಯದ ಒಳಗೆ ಯಾವುದು ಯಾವುದಕ್ಕೆ ಹೊಂದಿಕೊಳ್ಳುತ್ತಿದೆ ಎಂದು ಅದರಿಂದ ತಿಳಿಯುವುದಿಲ್ಲ. ಅದರ ಜಾಗದಲ್ಲಿ 'ಹಿಡಿಸು' ಹಾಕಿ ನೋಡಿ.

ನನಗೆ ಕಾಫಿ ಹಿಡಿಸುತ್ತದೆ: ಮೆ ಗುಸ್ತಾ ಎಲ್ ಕಫೆ.
ನನಗೆ ನಾಯಿಗಳು ಹಿಡಿಸುತ್ತವೆ: ಮೆ ಗುಸ್ತಾನ್ ಲೋಸ್ ಪೆರ್ರೋಸ್.
ನನಗೆ ನೀನು ಹಿಡಿಸುತ್ತೀಯ: ಮೆ ಗುಸ್ತಾಸ್ ತು.
ನಾನು ನಿನಗೆ ಹಿಡಿಸುತ್ತೇನಾ?: ತೆ ಗುಸ್ತೊ?

ಕಾಫಿಗೆ 'ಹಿಡಿಸುತ್ತದೆ', ನಾಯಿಗಳಿಗೆ 'ಹಿಡಿಸುತ್ತವೆ', ನಿನಗೆ 'ಹಿಡಿಸುತ್ತೀಯ', ನನಗಾದರೆ 'ಹಿಡಿಸುತ್ತೇನೆ'. ಸ್ಪ್ಯಾನಿಷ್ ಕೂಡ ಒಂದೊಂದು ಕಡೆಯೂ ಇದೇ ರೀತಿ ಬದಲಾಗಿದೆ. ಕ್ರಿಯಾಪದ ಕೇಳುವುದು ಹಿಡಿಸಿದ ವಸ್ತುವಿನ ಮಾತನ್ನು, ಹಿಡಿಸಿಕೊಂಡ ಮನುಷ್ಯನ ಮಾತನ್ನಲ್ಲ. ಮನುಷ್ಯ 'ನನಗೆ', 'ನಿನಗೆ' ಎಂದು 'ಗೆ' ಪ್ರತ್ಯಯ ಹೊತ್ತು ಪಕ್ಕಕ್ಕೆ ಕೂರುತ್ತಾನೆ. ಆ 'ಗೆ' ರೂಪಗಳು ಇವು: ಮೆ (ನನಗೆ), ತೆ (ನಿನಗೆ), ಲೆ (ಅವನಿಗೆ, ಅವಳಿಗೆ, ನಿಮಗೆ), ನೋಸ್ (ನಮಗೆ), ಲೆಸ್ (ಅವರಿಗೆ, ನಿಮಗೆಲ್ಲ). ಸ್ಪೇನಿನಲ್ಲಿ ಸಲುಗೆಯ ಬಹುವಚನಕ್ಕೆ 'ಓಸ್' ಎಂಬ ಇನ್ನೊಂದು ರೂಪ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಕೆಲಸವನ್ನೂ 'ಲೆಸ್' ಮಾಡುತ್ತದೆ.

ನಿಮ್ಮ ವಾಕ್ಯ ಸಂಶಯ ಹುಟ್ಟಿಸಿದರೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಯಾರಿಗೆ? ಏನು? 'ಏನು' ಎನ್ನುವುದಕ್ಕೆ ಬಂದ ಉತ್ತರಕ್ಕೆ ಕ್ರಿಯಾಪದ ಹೊಂದಿಕೊಂಡಿದೆಯೇ ನೋಡಿ. ಮುಂದಿನ ಬಹುತೇಕ ದೋಷಗಳು ಇಷ್ಟರಿಂದಲೇ ಗೊತ್ತಾಗುತ್ತವೆ.

ದೋಷ: 'ಯೊ ಗುಸ್ತೊ ಎಲ್ ಕಫೆ'

ಇದು ಅಪ್ಪಟ ಇಂಗ್ಲಿಷ್ ದೋಷ. 'ಐ' ಇದೆ, ಆದ್ದರಿಂದ 'ಯೊ' ಹಾಕಿದ್ದಾರೆ. ಕನ್ನಡದಲ್ಲಿ ಯಾರಾದರೂ 'ನಾನು ಕಾಫಿ ಹಿಡಿಸುತ್ತೇನೆ' ಎಂದರೆ ನಮಗೆ ಹೇಗೆ ಕೇಳಿಸುತ್ತದೋ ಸ್ಪ್ಯಾನಿಷ್‌ನವರಿಗೆ ಇದು ಹಾಗೇ ಕೇಳಿಸುತ್ತದೆ. ಪರಿಹಾರ: 'ಯೊ' ತೆಗೆಯಿರಿ, 'ಮೆ' ಹಾಕಿ, ಕ್ರಿಯಾಪದವನ್ನು ಕಾಫಿಗೆ ಹೊಂದಿಸಿ. 'ಯೊ ಮೆ ಗುಸ್ತಾ' ಎಂದು ಎರಡನ್ನೂ ಸೇರಿಸುವವರೂ ಇದ್ದಾರೆ. ಅದು 'ನಾನು ನನಗೆ ಇಷ್ಟ' ಎಂದು ಎಲ್ಲೋ ಹೋಗಿಬಿಡುತ್ತದೆ. 'ನನಗೆ' ಎನ್ನುವುದನ್ನು ಒತ್ತಿ ಹೇಳಬೇಕೆಂದರೆ 'ಅ ಮೀ ಮೆ ಗುಸ್ತಾ' ಅನ್ನಬೇಕು.

ಈ ಗುಂಪಿಗೇ ಸೇರಿದ್ದು 'ಮೆ ಲೊ ಗುಸ್ತಾ' ಎಂಬ ತಪ್ಪು. ಇಂಗ್ಲಿಷ್‌ನಲ್ಲಿ 'ಐ ಲೈಕ್ ಇಟ್' ಅನ್ನಲೇಬೇಕು. ಆ 'ಇಟ್' ಎಲ್ಲಿಡುವುದು ಎಂದು ಹುಡುಕಾಡಿ 'ಲೊ' ತಂದು ತುರುಕುತ್ತಾರೆ. ಬೇಡವೇ ಬೇಡ. 'ಹೇಗಿದೆ?' ಎಂದರೆ ನಾವು 'ಇಷ್ಟ ಆಯ್ತು' ಎನ್ನುತ್ತೇವೆ, ಅಷ್ಟೇ. ಸ್ಪ್ಯಾನಿಷ್‌ನಲ್ಲೂ 'ಮೆ ಗುಸ್ತಾ' ಎಂದರೆ ಮುಗಿಯಿತು.

'ಇಲ್ಲ' ಎನ್ನುವುದು ಮಾತ್ರ ನಮ್ಮ ಹಾಗೆ ಕೊನೆಗೆ ಬರುವುದಿಲ್ಲ, 'ಮೆ'ಗಿಂತ ಮುಂದೆ ಬರುತ್ತದೆ: 'ನೊ ಮೆ ಗುಸ್ತಾ'. 'ಮೆ ನೊ ಗುಸ್ತಾ' ತಪ್ಪು.

ದೋಷ: 'ಮೆ ಗುಸ್ತಾ ಲೋಸ್ ಲಿಬ್ರೋಸ್'

ಇದು ಕನ್ನಡದಿಂದ ಬರುವ ದೋಷ. ಲಿಬ್ರೋಸ್ ಎಂದರೆ ಪುಸ್ತಕಗಳು. ಬಹುವಚನ. ಆದ್ದರಿಂದ 'ಗುಸ್ತಾನ್' ಬರಬೇಕು. ನಮಗೆ ಯಾಕೆ ತಪ್ಪುತ್ತದೆ? ಎರಡು ಕಾರಣ ಕಾಣುತ್ತವೆ. ಬರಹದ ಕನ್ನಡದಲ್ಲಿ 'ಪುಸ್ತಕಗಳು ಹಿಡಿಸುತ್ತವೆ' ಎಂದು ಬರೆದರೂ ಬಾಯಲ್ಲಿ ಬರುವುದು 'ಪುಸ್ತಕಗಳು ಹಿಡಿಸುತ್ತೆ' ಎಂದೇ. ಪ್ರಾಣಿ, ವಸ್ತುಗಳ ವಿಷಯಕ್ಕೆ ಬಂದರೆ ಮಾತಿನಲ್ಲಿ ನಾವು ಬಹುವಚನದ ಕ್ರಿಯಾಪದವನ್ನು ಬಹಳ ಸಲ ಬಿಟ್ಟುಬಿಡುತ್ತೇವೆ. ಎರಡನೆಯದು ಇನ್ನೂ ಆಳದ್ದು. 'ಗಳು' ಹಾಕುವುದನ್ನೇ ಬಿಡುತ್ತೇವೆ. 'ನನಗೆ ಪುಸ್ತಕ ಅಂದ್ರೆ ಇಷ್ಟ' ಎಂದವನು ಒಂದೇ ಒಂದು ಪುಸ್ತಕದ ಬಗ್ಗೆ ಹೇಳುತ್ತಿಲ್ಲ ಎಂದು ಕೇಳಿದವರಿಗೆಲ್ಲ ಗೊತ್ತು. ಸ್ಪ್ಯಾನಿಷ್‌ನಲ್ಲಿ ಹಾಗೆ ಹೇಳಿದರೆ ಅದು ಆ ಒಂದು ಪುಸ್ತಕವೇ ಆಗುತ್ತದೆ. 'ಮೆ ಗುಸ್ತಾ ಎಲ್ ಲಿಬ್ರೊ' ಎಂದರೆ ಇಬ್ಬರಿಗೂ ಗೊತ್ತಿರುವ ಆ ಪುಸ್ತಕ ಇಷ್ಟ ಎಂದು.

ಹಾಗಾದರೆ ತಪಾಸಣೆ ಹೀಗೆ. ನಿಮಗೆ ಇಷ್ಟವಾದದ್ದನ್ನು ಎಣಿಸಬಹುದೇ? ಪುಸ್ತಕ, ನಾಯಿ, ಸಿನಿಮಾ, ಹಾಡು, ಇವನ್ನೆಲ್ಲ ಎಣಿಸಬಹುದು. ಇಡೀ ಜಾತಿಯೇ ಇಷ್ಟ ಎನ್ನುವುದಾದರೆ ಬಹುವಚನ ಮಾಡಿ, 'ಗುಸ್ತಾನ್' ಹಾಕಿ. ಎಣಿಸಲು ಆಗದ್ದು, ಅಂದರೆ ಕಾಫಿ, ಸಂಗೀತ, ಅನ್ನ, ಮಳೆ, ಇವಕ್ಕೆ 'ಗುಸ್ತಾ'. ಹಣ್ಣಿನ ವಿಷಯದಲ್ಲಿ ಎರಡೂ ನಡೆಯುತ್ತದೆ. 'ಮೆ ಗುಸ್ತಾ ಎಲ್ ಮಾಂಗೊ' ಎಂದರೆ ಮಾವಿನ ರುಚಿ ಇಷ್ಟ, 'ಮೆ ಗುಸ್ತಾನ್ ಲೋಸ್ ಮಾಂಗೋಸ್' ಎಂದರೆ ಮಾವಿನಹಣ್ಣುಗಳು ಇಷ್ಟ.

ಅರ್ಥ ನೋಡಿ ವಚನ ನಿರ್ಧರಿಸಬೇಡಿ, ಪದದ ರೂಪ ನೋಡಿ. ಜನ ಎಂಬ ಅರ್ಥದ 'ಲಾ ಹೆಂತೆ' ಏಕವಚನ: 'ಮೆ ಗುಸ್ತಾ ಲಾ ಹೆಂತೆ'. ಗಣಿತ ಎಂಬ ಅರ್ಥದ 'ಲಾಸ್ ಮತೆಮಾತಿಕಾಸ್' ಬಹುವಚನ: 'ಮೆ ಗುಸ್ತಾನ್ ಲಾಸ್ ಮತೆಮಾತಿಕಾಸ್'. ಕಾಫಿ ಮತ್ತು ಟೀ ಎರಡೂ ಇಷ್ಟ ಎನ್ನುವಾಗ 'ಮೆ ಗುಸ್ತಾನ್ ಎಲ್ ಕಫೆ ಇ ಎಲ್ ತೆ' ಎಂದರೆ ಚಿಂತೆ ಇಲ್ಲ. ಮಾತಿನಲ್ಲಿ 'ಗುಸ್ತಾ' ಕೂಡ ಕೇಳಿಬರುತ್ತದೆ, ಅದಕ್ಕೆ ಗಾಬರಿ ಬೇಡ.

ದೋಷ: 'ಮೆ ಗುಸ್ತಾ ಕಫೆ'

'ಎಲ್' ಬಿಟ್ಟುಹೋಗಿದೆ. ಕನ್ನಡದಲ್ಲೂ ಇಂಥ ಪದ ಇಲ್ಲ, ಇಂಗ್ಲಿಷ್‌ನಲ್ಲೂ 'ಐ ಲೈಕ್ ಕಾಫಿ' ಎನ್ನುವಾಗ ಇಲ್ಲ. ಹಾಗಾಗಿ ಎರಡು ಭಾಷೆಯೂ ಸೇರಿ ದಾರಿ ತಪ್ಪಿಸುತ್ತವೆ. 'ಗುಸ್ತಾ' ಆದಮೇಲೆ ವಸ್ತುವಿನ ಹೆಸರು ಬಂದರೆ ಎಲ್, ಲಾ, ಲೋಸ್, ಲಾಸ್ ಇವುಗಳಲ್ಲಿ ಒಂದು ಬೇಕು. ಅಥವಾ 'ಮಿ' (ನನ್ನ), 'ಎಸ್ತೆ' (ಈ) ಥರದ ಪದ ಬೇಕು. ಹೊಸ ಪದ ಕಲಿಯುವಾಗಲೇ 'ಕಫೆ' ಎನ್ನದೆ 'ಎಲ್ ಕಫೆ' ಎಂದು ಜೋಡಿಯಾಗಿ ಬಾಯಿಪಾಠ ಮಾಡಿದರೆ ಈ ದೋಷ ತಾನಾಗಿ ಹೋಗುತ್ತದೆ.

ದೋಷ: 'ಮಿ ಮಾದ್ರೆ ಲೆ ಗುಸ್ತಾ ಎಲ್ ಕಫೆ'

ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಉಳಿದ ತಪ್ಪುಗಳಲ್ಲಿ ಕೇಳುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿ ಅರ್ಥವೇ ತಿರುಗಬಹುದು.

ಹೇಳಬೇಕಿದ್ದದ್ದು 'ನನ್ನ ಅಮ್ಮನಿಗೆ ಕಾಫಿ ಇಷ್ಟ' ಎಂದು. 'ಮಿ ಮಾದ್ರೆ' ಎಂದರೆ 'ನನ್ನ ಅಮ್ಮ'. 'ಅಮ್ಮನಿಗೆ' ಆಗಬೇಕಾದರೆ 'ಗೆ' ಬೇಕಲ್ಲ? ಸ್ಪ್ಯಾನಿಷ್‌ನಲ್ಲಿ ಆ ಕೆಲಸ ಮಾಡುವುದು ಪದದ ಮುಂದೆ ಬರುವ 'ಅ'. 'ಅ ಮಿ ಮಾದ್ರೆ ಲೆ ಗುಸ್ತಾ ಎಲ್ ಕಫೆ' ಎನ್ನುವುದು ಸರಿ. ಆ 'ಅ' ಬಿಟ್ಟು ಬರಿಯ 'ಮಿ ಮಾದ್ರೆ ಲೆ ಗುಸ್ತಾ' ಎಂದು ನಿಲ್ಲಿಸಿದರೆ 'ನನ್ನ ಅಮ್ಮ ಅವನಿಗೆ ಇಷ್ಟ' ಎಂದಾಗುತ್ತದೆ! ಕನ್ನಡದಲ್ಲಿ 'ಅಮ್ಮನಿಗೆ' ಎನ್ನುವುದರ ಬಾಲ ಕತ್ತರಿಸಿದರೂ ಇದೇ ಗತಿ. 'ಗೆ' ಪದದ ಹಿಂದೆ ಕೂರುತ್ತದೆ, 'ಅ' ಪದದ ಮುಂದೆ ಕೂರುತ್ತದೆ. ನಾವು ಹಿಂದೆ ನೋಡುವ ಅಭ್ಯಾಸದವರು, ಅದಕ್ಕೇ ಮುಂದಿನದು ಮರೆಯುತ್ತದೆ.

ಇದರ ಜೋಡಿ ದೋಷ 'ಅ ರವಿ ಗುಸ್ತಾ ಎಲ್ ಕಫೆ'. ಇಲ್ಲಿ 'ಅ' ಇದೆ, 'ಲೆ' ಇಲ್ಲ. 'ರವಿಗೆ' ಎಂದಮೇಲೆ ಮತ್ತೆ 'ಅವನಿಗೆ' ಯಾಕೆ ಎಂದು ಕನ್ನಡದ ಮನಸ್ಸು ಕೇಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸ್ಪ್ಯಾನಿಷ್‌ನಲ್ಲಿ ಈ ಕ್ರಿಯಾಪದಕ್ಕೆ 'ಲೆ' ಅಂಟಿಕೊಂಡೇ ಇರುತ್ತದೆ. ಹೆಸರು ಹೇಳಿದರೂ ಅದನ್ನು ತೆಗೆಯುವ ಹಾಗಿಲ್ಲ. 'ಅ ರವಿ ಲೆ ಗುಸ್ತಾ.' 'ಅ ಲೋಸ್ ನೀನ್ಯೋಸ್ ಲೆಸ್ ಗುಸ್ತಾ' ಎಂದರೆ 'ಮಕ್ಕಳಿಗೆ ಇಷ್ಟ'. ಹೆಸರನ್ನು ಬೇಕಾದರೆ ಬಿಡಬಹುದು, 'ಲೆ' ಬಿಡುವಂತಿಲ್ಲ. ಪ್ರಶ್ನೆಯಲ್ಲೂ ಅಷ್ಟೇ: 'ಅ ಕ್ಯೆನ್ ಲೆ ಗುಸ್ತಾ ಎಲ್ ಕಫೆ?' ಎಂದರೆ 'ಕಾಫಿ ಯಾರಿಗೆ ಇಷ್ಟ?'

ಬರೆಯುವಾಗ ಒಂದು ಎಚ್ಚರ. 'ಅ ಮೀ' (ನನಗೆ) ಎಂಬಲ್ಲಿನ 'ಮೀ' ಮೇಲೆ ಒತ್ತಿನ ಗುರುತು ಇರಬೇಕು. ಗುರುತಿಲ್ಲದ 'ಮಿ' ಎಂದರೆ 'ನನ್ನ'.

ದೋಷ: ಉತ್ತರವಾಗಿ 'ಯೊ ತಂಬ್ಯೆನ್'

ಎದುರಿನವರು 'ಮೆ ಗುಸ್ತಾ ಎಲ್ ಕಫೆ' ಅಂದರು. 'ಮೀ ಟೂ' ಎಂದು ಇಂಗ್ಲಿಷ್‌ನಲ್ಲಿ ಯೋಚಿಸಿದವರು 'ಯೊ ತಂಬ್ಯೆನ್' ಅನ್ನುತ್ತಾರೆ. ಕನ್ನಡದಲ್ಲಿ ಯೋಚಿಸಿದವರು ತಪ್ಪುವುದು ಸಾಧ್ಯವೇ ಇಲ್ಲ. 'ನನಗೆ ಕಾಫಿ ಇಷ್ಟ' ಎಂದವರಿಗೆ ಯಾವ ಕನ್ನಡಿಗನೂ 'ನಾನೂ' ಎನ್ನುವುದಿಲ್ಲ, 'ನನಗೂ' ಎನ್ನುತ್ತಾನೆ. 'ನನಗೂ' ಎಂದರೆ 'ಅ ಮೀ ತಂಬ್ಯೆನ್'. 'ನಾನೂ' ಎಂದರೆ 'ಯೊ ತಂಬ್ಯೆನ್'. 'ನಾನು ನಾಳೆ ಹೋಗ್ತೀನಿ' ಎಂದವರಿಗೆ ಎರಡನೆಯದು ಸರಿ. ಇಷ್ಟ ಇಲ್ಲ ಎಂದವರ ಜೊತೆ ಸೇರುವುದಾದರೆ 'ಅ ಮೀ ತಂಪೊಕೊ', ಅಂದರೆ 'ನನಗೂ ಇಲ್ಲ'. ಅವರಿಗೆ ಇಷ್ಟ, ನಿಮಗಿಲ್ಲ ಎಂದಾದರೆ 'ಅ ಮೀ ನೊ'. ನಮ್ಮ ಭಾಷೆಯೇ ಹಾಸಿಕೊಟ್ಟ ದಾರಿ ಇದು. ಇಷ್ಟು ಚೆನ್ನಾಗಿರುವ ದಾರಿ ಬಿಟ್ಟು ಸುತ್ತು ಹಾಕಿ ಹೋಗುವುದು ಕಂಡಾಗ ನನಗೆ ಬೇಜಾರಾಗುತ್ತದೆ.

ದೋಷ: 'ಮೆ ಗುಸ್ತಾ ನದಾಂದೊ'

'ಸ್ವಿಮ್ಮಿಂಗ್' ಎಂಬ ರೂಪವನ್ನು ಹುಡುಕಿಕೊಂಡು ಹೋದದ್ದರ ಫಲ. ಈಜುವುದು, ಓದುವುದು, ಹಾಡುವುದು ಇಷ್ಟ ಎನ್ನುವಾಗ ಕ್ರಿಯಾಪದದ ಮೂಲರೂಪ ಸಾಕು: 'ಮೆ ಗುಸ್ತಾ ನದಾರ್'. ಕೆಲಸಗಳು ಎಷ್ಟೇ ಇದ್ದರೂ 'ಗುಸ್ತಾ' ಏಕವಚನವೇ: 'ಮೆ ಗುಸ್ತಾ ಬೈಲಾರ್ ಇ ಕಾಂತಾರ್', ಅಂದರೆ 'ಕುಣಿಯೋದು, ಹಾಡೋದು ಇಷ್ಟ'.

ದೋಷ: ಮನುಷ್ಯರ ಬಗ್ಗೆ ಹೇಳಿದಾಗ ಎದುರಿನವರು ಹುಬ್ಬೇರಿಸುವುದು

ವ್ಯಾಕರಣ ಸರಿ, ಅರ್ಥ ಬೇರೆ. 'ಮೆ ಗುಸ್ತಾ ಅನಾ' ಎಂದರೆ ಸಾಮಾನ್ಯವಾಗಿ 'ಅನಾ ಮೇಲೆ ನನಗೆ ಮನಸ್ಸಿದೆ' ಎಂದು ತಿಳಿಯುತ್ತಾರೆ. ಸಹೋದ್ಯೋಗಿ, ಮೇಷ್ಟ್ರು, ಗೆಳತಿಯ ಅಕ್ಕ, ಇವರ ಬಗ್ಗೆ ಒಳ್ಳೆಯ ಅಭಿಪ್ರಾಯ ಇದೆ ಎನ್ನಬೇಕಾದರೆ 'ಮೆ ಕಾಎ ಬ್ಯೆನ್' ಎನ್ನಿ. ಮೇಷ್ಟ್ರು ಪಾಠ ಮಾಡುವ ರೀತಿ ಇಷ್ಟ ಎಂದಾದರೆ ಅದನ್ನೇ ಹೇಳಿ: 'ಮೆ ಗುಸ್ತಾ ಕೋಮೊ ಎನ್ಸೆನ್ಯಾ'. ಗಾಯಕರು, ಆಟಗಾರರ ಬಗ್ಗೆ 'ಮೆ ಗುಸ್ತಾ' ಎಂದರೆ ಅವರ ಹಾಡು, ಆಟ ಇಷ್ಟ ಎಂದೇ ತಿಳಿಯುತ್ತಾರೆ. ಅಮ್ಮ ಅಂದ್ರೆ ಇಷ್ಟ ಎನ್ನುವುದಕ್ಕೆ ಬೇರೆ ಕ್ರಿಯಾಪದವೇ ಇದೆ: 'ಕ್ಯೆರೊ ಮೂಚೊ ಅ ಮಿ ಮಾದ್ರೆ'.

ಅರ್ಜೆಂಟೀನಾ, ಉರುಗ್ವೆ ಕಡೆ 'ಗುಸ್ತೊ ದೆ ಬೋಸ್' ಎಂದು ಕೇಳಿಸಿದರೆ ಅದೂ 'ನೀನು ನನಗಿಷ್ಟ' ಎಂದೇ. ಅಲ್ಲಿ 'ನಾನು' ಕರ್ತೃ. ಹಳೆಯ ಸ್ಪ್ಯಾನಿಷ್ ಬರಹದಲ್ಲಿ 'ಗುಸ್ತಾರ್ ದೆ' ಎಂಬ ಈ ಕಟ್ಟು ಮಾಮೂಲಿಯಾಗಿತ್ತು. ಈ ಪದ ಬಂದಿರುವುದು 'ರುಚಿ ನೋಡು' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಮೆಕ್ಸಿಕೊದಲ್ಲಿ ಮನೆಗೆ ಹೋದಾಗ 'ಗುಸ್ತಾ ಉನ್ ಕಫೆ?' ಎಂದು ವಿಚಾರಿಸುತ್ತಾರೆ. 'ಕಾಫಿ ತಗೋತೀರಾ?' ಎನ್ನುವ ಮರ್ಯಾದೆಯ ಮಾತು ಅದು. 'ಲೆ' ಎಲ್ಲಿ ಹೋಯಿತು ಎಂದು ಹುಡುಕಬೇಡಿ, ಅದು ದೋಷವಲ್ಲ. 'ಸಿ ಗುಸ್ತಾ' (ಬೇಕಿದ್ದರೆ), 'ಕ್ವಾಂದೊ ಗುಸ್ತೆ' (ಯಾವಾಗ ಬೇಕಾದರೂ) ಎನ್ನುವುದೂ ಇದೇ ಬಳಗ.

ದೋಷ: ಹೋಟೆಲಿನಲ್ಲಿ 'ಮೆ ಗುಸ್ತಾ ಉನ್ ಕಫೆ'

ಮಾಣಿ ಸುಮ್ಮನೆ ನಿಂತಿರುತ್ತಾನೆ. ಅವನ ಕಿವಿಗೆ ಬಿದ್ದದ್ದು ಕಾಫಿ ಇಷ್ಟ ಎಂಬ ಅಭಿಪ್ರಾಯ, ಕಾಫಿ ಕೊಡಿ ಎಂಬ ಮಾತಲ್ಲ. ಕೇಳಬೇಕಾದದ್ದು 'ಮೆ ದಾ ಉನ್ ಕಫೆ, ಪೋರ್ ಫಾವೋರ್?' ಅಥವಾ 'ಕಿಸ್ಯೆರಾ ಉನ್ ಕಫೆ'. ಸ್ಪೇನಿನಲ್ಲಿ 'ಮೆ ಪೋನೆಸ್ ಉನ್ ಕಫೆ?' ಮಾಮೂಲಿ. 'ಮೆ ಗುಸ್ತರೀಆ' ಎಂಬ ರೂಪ ಆಸೆಗಳಿಗೆ ಚೆನ್ನಾಗಿ ಹೊಂದುತ್ತದೆ: 'ಮೆ ಗುಸ್ತರೀಆ ಇರ್ ಅ ಪೆರು', ಪೆರುಗೆ ಹೋಗಬೇಕು ಎಂಬ ಆಸೆ ಇದೆ. ಈಗ ತಿನ್ನಬೇಕು, ಕುಡಿಯಬೇಕು ಅನ್ನಿಸುತ್ತಿದೆ ಎನ್ನಲು ಸ್ಪೇನಿನಲ್ಲಿ 'ಮೆ ಅಪೆತೆಸೆ', ಮೆಕ್ಸಿಕೊದಲ್ಲಿ 'ಸೆ ಮೆ ಅಂತೋಹಾ', ಕೊಲಂಬಿಯಾದಲ್ಲಿ 'ಮೆ ಪ್ರೊಬೋಕಾ'. ಕೊಲಂಬಿಯಾದಲ್ಲಿ 'ತೆ ಪ್ರೊಬೋಕಾ ಉನ್ ತಿಂತೊ?' ಎಂದರೆ ಬ್ಲ್ಯಾಕ್ ಕಾಫಿ ಕುಡಿಯುತ್ತೀಯಾ ಎಂದು. ಸ್ಪೇನಿನಲ್ಲಿ 'ತಿಂತೊ' ಎಂದರೆ ಕೆಂಪು ವೈನ್. ಊರು ನೋಡಿ ಹೂಂ ಅನ್ನಿ.

ದೋಷ: 'ನನಗೆ' ಕಂಡಲ್ಲೆಲ್ಲ 'ಮೆ'

ಮೇಲಿನದೆಲ್ಲ ಚೆನ್ನಾಗಿ ಅರ್ಥವಾದವರಲ್ಲೇ ಈ ದೋಷ ಕಾಣಿಸಿಕೊಳ್ಳುತ್ತದೆ. ಕನ್ನಡ ಇಷ್ಟು ಸಹಾಯ ಮಾಡಿತಲ್ಲ ಎಂಬ ಧೈರ್ಯದಲ್ಲಿ ಎಲ್ಲ 'ನನಗೆ'ಗಳನ್ನೂ 'ಮೆ' ಮಾಡಲು ಹೊರಡುತ್ತಾರೆ. ನಮ್ಮ 'ಗೆ' ಸ್ಪ್ಯಾನಿಷ್‌ನದಕ್ಕಿಂತ ಬಹಳ ಅಗಲವಾಗಿ ಹರಡಿಕೊಂಡಿದೆ. ಹಸಿವು, ಜ್ವರ, ವಯಸ್ಸು, ಮಕ್ಕಳು, ತಿಳಿವಳಿಕೆ, ಬೇಕು, ಬೇಡ ಎಲ್ಲಕ್ಕೂ ನಾವು 'ನನಗೆ' ಎನ್ನುತ್ತೇವೆ. ಸ್ಪ್ಯಾನಿಷ್ ಇವನ್ನು ಬೇರೆ ರೀತಿ ಹೇಳುತ್ತದೆ.

ನನಗೆ ಹಸಿವಾಗಿದೆ: ತೆಂಗೊ ಆಂಬ್ರೆ.
ನನಗೆ ಜ್ವರ: ತೆಂಗೊ ಫ್ಯೆಬ್ರೆ.
ನನಗೆ 25 ವರ್ಷ: ತೆಂಗೊ ಬೆಯಿಂತಿಸಿಂಕೊ ಆನ್ಯೋಸ್.
ನನಗೆ ಇಬ್ಬರು ಮಕ್ಕಳು: ತೆಂಗೊ ದೋಸ್ ಈಹೋಸ್.
ನನಗೆ ಗೊತ್ತು: ಲೊ ಸೆ.
ನನಗೆ ನೀರು ಬೇಕು: ಕ್ಯೆರೊ ಆಗ್ವಾ.
ನನಗೆ ಸ್ಪ್ಯಾನಿಷ್ ಬರುತ್ತೆ: ಆಬ್ಲೊ ಎಸ್ಪಾನ್ಯೋಲ್.

'ತೆಂಗೊ' ಎಂದರೆ ಅಕ್ಷರಶಃ 'ನಾನು ಹೊಂದಿದ್ದೇನೆ'. ಹಸಿವು, ಬಾಯಾರಿಕೆ, ಚಳಿ, ನಿದ್ದೆ, ಹೆದರಿಕೆ, ವಯಸ್ಸು ಎಲ್ಲವನ್ನೂ ಸ್ಪ್ಯಾನಿಷ್‌ನವರು ಹೊಂದುತ್ತಾರೆ. ಈ ಪಟ್ಟಿಗೆ ಸೂತ್ರ ಹುಡುಕುವುದಕ್ಕಿಂತ ಸುಮ್ನೆ ಬಾಯಿಪಾಠ ಮಾಡುವುದೇ ಲೇಸು.

ಹಾಗಾದರೆ 'ನನಗೆ' ಎಲ್ಲಿ ನಿಜವಾಗಿ 'ಮೆ' ಆಗುತ್ತದೆ? ಗುಸ್ತಾರ್ ಥರವೇ ನಡೆಯುವ ಕೆಲವು ಕ್ರಿಯಾಪದಗಳಿವೆ, ಅವನ್ನು ಒಟ್ಟಿಗೆ ಕಲಿಯಿರಿ. 'ಮೆ ದ್ವೆಲೆ ಲಾ ಕಬೇಸಾ': ನನಗೆ ತಲೆ ನೋಯುತ್ತಿದೆ. 'ಮೆ ದ್ವೆಲೆನ್ ಲೋಸ್ ಪ್ಯೆಸ್': ಪಾದಗಳು ನೋಯುತ್ತಿವೆ. ಇಲ್ಲಿ 'ಮಿ ಕಬೇಸಾ' (ನನ್ನ ತಲೆ) ಎನ್ನಬೇಡಿ. 'ಮೆ' ಬಂದಮೇಲೆ ತಲೆ ಯಾರದ್ದು ಎಂದು ಮತ್ತೆ ಹೇಳಬೇಕಿಲ್ಲ. 'ಮೆ ಪರೇಸೆ ಕೆ' ಎಂದರೆ 'ನನಗೆ ಅನ್ನಿಸುತ್ತೆ'. 'ಮೆ ಫಾಲ್ತಾ' ಎಂದರೆ 'ನನಗೆ ಕಮ್ಮಿ ಬಿದ್ದಿದೆ'. 'ಮೆ ಎಂಕಾಂತಾ' ಎಂದರೆ 'ತುಂಬಾ ಇಷ್ಟ'. 'ತುಂಬಾ' ಅದರೊಳಗೇ ಇರುವುದರಿಂದ ಮೇಲೆ 'ಮೂಚೊ' ಸೇರಿಸಬಾರದು.

ದೋಷ: ಸಿನಿಮಾ ಮುಗಿದಮೇಲೂ 'ತೆ ಗುಸ್ತಾ?'

'ಇಷ್ಟ' ಎನ್ನುವುದಕ್ಕೆ ಕಾಲ ಇಲ್ಲದ್ದರಿಂದ ಇದು ಹುಟ್ಟುತ್ತದೆ. ಮತ್ತೆ 'ಹಿಡಿಸು' ಹಾಕಿ. 'ಹಿಡಿಸಿತಾ?' ಎನ್ನುವುದಾದರೆ 'ತೆ ಗುಸ್ತೋ?' ಇಲ್ಲಿ ಕೊನೆಯ 'ಓ' ಮೇಲೆ ಒತ್ತು ಬೀಳಬೇಕು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಅದು 'ನಾನು ನಿನಗೆ ಇಷ್ಟವಾ?' ಎಂಬ ಬೇರೆ ಪ್ರಶ್ನೆಯಾಗುತ್ತದೆ. 'ಚಿಕ್ಕಂದಿನಲ್ಲಿ ಹಿಡಿಸುತ್ತಿತ್ತು' ಎಂದರೆ 'ಮೆ ಗುಸ್ತಾಬಾ'. ನೋಡಿದ್ದು ಹಲವು ಸಿನಿಮಾ ಆಗಿದ್ದರೆ 'ತೆ ಗುಸ್ತಾರೋನ್ ಲಾಸ್ ಪೆಲಿಕುಲಾಸ್?' ಎಂದು ಬಹುವಚನ ಇಲ್ಲೂ ಹಿಂಬಾಲಿಸುತ್ತದೆ. ಸಿನಿಮಾ ಇನ್ನೂ ನಡೆಯುತ್ತಿದ್ದು, ನಡುವೆ ಪಕ್ಕದವರನ್ನು ಕೇಳುವುದಾದರೆ ಮಾತ್ರ 'ತೆ ಗುಸ್ತಾ?' ಸರಿ.